ಒಂಬತ್ತನೇ ಸರ್ಗದ ತಪ್ಪುಗಳು

ಜೂನ್ 3, ಬೆಳಿಗ್ಗೆ 6.10

ಎಂಟನೇ ಸರ್ಗ ಮುಗೀತು. ಓದಿದ್ದು ಯಾರೋ ಡ್ರೈವಿಂಗ್ ಸ್ಕೂಲಿನವರಂತೆ. ಹನ್ನೊಂದು ತಪ್ಪು ತೋರಿಸಿದ್ದೆ. ಒಂಬತ್ತು ತಿದ್ದಿದ್ದಾರೆ, ಎರಡಕ್ಕೆ ವಾದ. ಬಿಟ್ಟುಬಿಟ್ಟೆ. ಇಷ್ಟು ಶತಮಾನ ಬದುಕಿದ ಕಾವ್ಯ ಎರಡು ತಪ್ಪಿಗೇನೂ ಸಾಯೋದಿಲ್ಲ.

ಕಣ್ಣು ಕಾಣದವರಿಗಾಗಿ ಆಡಿಯೋ ಪುಸ್ತಕ. ಇಪ್ಪತ್ನಾಲ್ಕು ಸರ್ಗ, ಇಪ್ಪತ್ನಾಲ್ಕು ಜನ ಓದುವವರು. ಅವರವರ ಮನೆಯಲ್ಲಿ, ಬೀರುವಿನ ಬಾಗಿಲು ತೆಗೆದು ಬಟ್ಟೆಗಳ ಮಧ್ಯೆ ಮುಖ ಇಟ್ಟು, ಫೋನಿನಲ್ಲಿ. ನನ್ನಂಥವರು ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಕೇಳೋದು, ತಪ್ಪನ್ನ ಶೀಟಿನಲ್ಲಿ ಬರೆಯೋದು. ಯಾವ ಸಾಲು, ಏನು ತಪ್ಪು, ಹೇಗಿರಬೇಕು. ನಾಲ್ಕನೇ ಕಾಲಂನಲ್ಲಿ ಓದಿದವರು 'ತಿದ್ದಿದೆ' ಅಂತ ಬರೀಬೇಕು. ಹೆಸರು ಹೇಳುವ ಹಾಗಿಲ್ಲ, ನಂಬರ್ ಮಾತ್ರ. ಎರಡನೇ ಸರ್ಗದಲ್ಲಿ ಓದುಗರೂ ಕೇಳುಗರೂ ಫೋನಿನಲ್ಲಿ ಕಿತ್ತಾಡಿ ಇಬ್ಬರೂ ಬಿಟ್ಟು ಹೋದ ಮೇಲೆ ಫಿಸಿಯೋ ಮೇಡಂ ಮಾಡಿದ ರೂಲು. ಗುಂಪು ನಡೆಸೋದು ಅವರೇ.

ನಾನು ಕೇಳುಗ ಮೂರು. ಸೇರಿಸಿದ್ದು ಚಿಕ್ಕಮ್ಮ. ಕನ್ನಡಕದಂಗಡಿಯಲ್ಲಿ ಕೂತು ಕಣ್ಣಿನ ಸೇವೆ ಮಾಡಿದ್ದು ಸಾಕು, ಕಿವಿಗೂ ಸ್ವಲ್ಪ ಪುಣ್ಯ ಬರಲಿ ಅಂದಿದ್ದಳು.

ಜೂನ್ 5, ಬೆಳಿಗ್ಗೆ

ಒಂಬತ್ತನೇ ಸರ್ಗ ಬಂತು. ಪೂರ್ತಿ ಕುದುರೆಗಳ ಪಟ್ಟಿ. ಯುದ್ಧಕ್ಕೆ ಹೊರಟ ಒಂದೊಂದು ಕುದುರೆಯ ಬಣ್ಣ, ಗೊರಸು, ತಾಯಿ ಯಾರು, ಅಜ್ಜಿ ಯಾರು... ಯಾರಿಗೂ ಬೇಡವಾಗಿತ್ತು. ಓದುಗ ಇಪ್ಪತ್ತೆರಡು ತಾವೇ ಕೇಳಿ ತೆಗೆದುಕೊಂಡರಂತೆ. ನಲವತ್ತೇಳು ನಿಮಿಷ. ವಯಸ್ಸಾದ ದನಿ, ಒಣಗಿದ್ದು, ಆದರೆ ಒಂದೊಂದು ಅಕ್ಷರವೂ ಕೆತ್ತಿದ ಹಾಗೆ. ಇಪ್ಪತ್ತು ನಿಮಿಷ ನನಗೆ ಕೆಲಸವೇ ಇಲ್ಲ.

ಆಮೇಲೆ ಇನ್ನೂರ ಹನ್ನೆರಡನೇ ಸಾಲು. ಕಪ್ಪು ಗೊರಸಿನದು, ಕಾಮಾ, ಬಿಳಿ ಹಣೆಯದು, ಕಾಮಾ...

ಕಾಮಾವನ್ನೂ ಓದಿಬಿಟ್ಟಿದ್ದಾರೆ! ಒಬ್ಬಳೇ ನಕ್ಕೆ. ಇನ್ನೊಂದು ಸಲ ಹಾಕಿದೆ. ನಗು ಅಲ್ಲೇ ನಿಂತಿತು.

ಅದೇ ದಿನ, ಅಂಗಡಿಯಲ್ಲಿ, ಊಟದ ಹೊತ್ತು

ಎಡಗಣ್ಣಿನ ಗ್ಲಾಸು ಬಲಕ್ಕೆ ಕೂರಿಸಿದೆ. ಹತ್ತು ವರ್ಷದಲ್ಲಿ ಮೊದಲ ಸಲ. ಮಾಲೀಕರು ಕೈಯಿಂದ ತೆಗೆದುಕೊಂಡು ತಾವೇ ಸರಿ ಮಾಡಿದರು.

ಅಪ್ಪ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು. ಉಳಿದದ್ದನ್ನ ಮನೆಗೆ ತರೋರು. ಎಂಟು ವರ್ಷದವಳು ನಾನು ಮೂಲದ ಹಾಳೆ ಹಿಡಿದು ಕೂರೋದು, ಅವರು ಅಚ್ಚಾದದ್ದನ್ನ ಜೋರಾಗಿ ಓದೋದು. ಅಕ್ಷರದ ಜೊತೆ ಚಿಹ್ನೆಯನ್ನೂ. ಕಾಮಾ. ಫುಲ್‌ಸ್ಟಾಪ್. ಪ್ಯಾರಾ. ಬೆಳಗಿನ ಕಾಫಿ ಕೇಳುವಾಗಲೂ ಒಂದೊಂದು ಸಲ ಕಾಮಾ ಹಾಕಿ ಕೇಳುತ್ತಿದ್ದರು. ಅಮ್ಮ ನಗೋಳು.

ಇನ್ಯಾರು ಹಾಗೆ ಓದುತ್ತಾರೆ? ಪ್ರೂಫ್ ನೋಡೋರು ಪ್ರಪಂಚದಲ್ಲಿ ಒಬ್ಬರೇ ಇದ್ದಾರಾ? ಇಲ್ಲ. ಅವರಲ್ಲ.

ಜೂನ್ 6

ಅವರೇ. ಪುಟ ತಿರುವುವಾಗ ನಾಲಗೆಯಲ್ಲಿ 'ಚ್' ಅನ್ನೋದು. ಎರಡು ಸಲ ಇದೆ.

ಹನ್ನೊಂದು ವರ್ಷವಾಯಿತು ಈ ದನಿ ಕೇಳಿ.

ಜೂನ್ 11

ಐದು ದಿನ ಶೀಟು ತೆಗೆದಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ, ಗುಂಪಿನಲ್ಲಿ ನಮಗೆ ಗೊತ್ತಿರೋರು ಇನ್ನಾರಾದರೂ ಇದ್ದಾರಾ ಅಂತ ಸುಮ್ಮನೆ ಕೇಳಿದೆ. ನಾನು ಅಪ್ಪನ ಹೆಸರೂ ಎತ್ತಿರಲಿಲ್ಲ. ನಿಮ್ಮಪ್ಪನ ವಿಷಯ ನನಗೇನೂ ಗೊತ್ತಿಲ್ಲಮ್ಮ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು.

ಹಾಗಾದರೆ ಅಪ್ಪನಿಗೂ ಹೇಳಿದ್ದಾಳಾ? ಕೇಳುಗ ಮೂರು ಯಾರು ಅಂತ ಅವರಿಗೆ ಗೊತ್ತಾ? ಕೇಳಿದರೆ ಹಾಲು ಉಕ್ಕುತ್ತಿದೆ ಅಂತ ಇಟ್ಟುಬಿಟ್ಟಳು.

ಜೂನ್ 12, ಬೆಳಿಗ್ಗೆ 5.40

ಇಡೀ ಸರ್ಗದಲ್ಲಿ ಇರೋದು ಒಂದೇ ತಪ್ಪು. ಆ ಕಾಮಾ. ಬರೆದರೆ ನಾಳೆ ತಿದ್ದಿ ಕಳಿಸುತ್ತಾರೆ. ಸರ್ಗ ಪಾಸ್. ದನಿ ಬಂದ್.

ಬರೆದೆ. ಅದರ ಕೆಳಗೆ ಇನ್ನೊಂದನ್ನೂ ಬರೆದೆ. ಅರವತ್ನಾಲ್ಕನೇ ಸಾಲು, ಸ್ಪಷ್ಟವಾಗಿಲ್ಲ, ಮತ್ತೆ ಓದಿ. ಸುಳ್ಳು. ಗಾಜಿನಷ್ಟು ಸ್ಪಷ್ಟವಾಗಿದೆ.

ಯಾಕೆ ಬರೆದೆ? ಗೊತ್ತಿಲ್ಲ. ಕೈ ಬರೀತು.

ಜೂನ್ 14

ಬಂತು. ಅರವತ್ನಾಲ್ಕನೇ ಸಾಲು, ಮೊದಲಿದ್ದ ಹಾಗೆಯೇ, ಇನ್ನೂ ಸ್ವಲ್ಪ ನಿಧಾನವಾಗಿ. ಶೀಟಿನಲ್ಲಿ 'ತಿದ್ದಿದೆ'.

ವಾದ ಇಲ್ಲ! ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಮನುಷ್ಯ. ಊರವರ ಮದುವೆ ಕಾರ್ಡಿನಲ್ಲಿ ತಪ್ಪು ಹುಡುಕಿ, ಊಟ ಮಾಡದೆ ವಾಪಸ್ ಬಂದ ಮನುಷ್ಯ. ತಾನು ತಪ್ಪಿದೆ ಅಂತ ಒಂದು ದಿನವೂ ಒಪ್ಪಿದ್ದಿಲ್ಲ. ಈಗ ಇಲ್ಲದ ತಪ್ಪಿಗೆ ತಲೆ ಬಗ್ಗಿಸಿ 'ತಿದ್ದಿದೆ'.

ಒಂದೋ ಇವರು ಅಪ್ಪ ಅಲ್ಲ. ಇಲ್ಲವೋ ತುಂಬಾ ವಯಸ್ಸಾಗಿದೆ. ಇಲ್ಲವೋ ಗೊತ್ತಿದೆ. ಮೂರರಲ್ಲಿ ಯಾವುದಾದರೆ ನನಗೆ ಸಮಾಧಾನ ಅಂತಲೂ ತಿಳೀತಿಲ್ಲ.

ಇನ್ನೂ ನಾಲ್ಕು ಬರೆದೆ.

ಜೂನ್ 18

ನಾಲ್ಕೂ 'ತಿದ್ದಿದೆ'. ಮತ್ತೆ ಆರು ಬರೆದೆ, ಅವೂ 'ತಿದ್ದಿದೆ'. ಇನ್ನೂ ಏಳು ಬರೆದೆ. ಕಂದು ಕುದುರೆಯ ಸಾಲನ್ನ ಮೂರು ಸಲ ಓದಿಸಿದ್ದೇನೆ. ಮೂರನೇ ಸಲ ಕೆಮ್ಮು ಬಂತು, ನೀರು ಕುಡಿದರು, ಲೋಟ ಇಟ್ಟ ಸದ್ದು. ಸ್ಟೀಲ್ ಲೋಟ. ಇನ್ನೂ ಅದೇ ಇರಬಹುದಾ?

ನಮ್ಮವರಿಗೆ ಎಲ್ಲಾ ಹೇಳಿದೆ. ಲಿಫ್ಟ್ ರಿಪೇರಿ ಮಾಡೋರು, ಸಿಕ್ಕಿಹಾಕಿಕೊಂಡವರನ್ನ ಬಿಡಿಸೋದೇ ಕೆಲಸ. ತಿಂಡಿ ತಟ್ಟೆ ಸರಿಸಿದರು.

"ಅವರು ಮೊಸರಲ್ಲಿ ಕಲ್ಲು ಹುಡುಕ್ತಿದ್ರು ಅಂತೀಯ. ನೀನು ಕಲ್ಲು ಹಾಕಿ ಹುಡುಕ್ತಿದೀಯಲ್ಲೇ."

ಎರಡು ದಿನ ಮಾತಾಡಿಸಬಾರದು ಅಂತಿದ್ದೆ. ಸಂಜೆಗೇ ಮರೆತೆ.

ಜೂನ್ 22

ಫಿಸಿಯೋ ಮೇಡಂ ಫೋನ್. ಉಳಿದ ಎಲ್ಲಾ ಸರ್ಗ ಮುಗಿದಿವೆ, ಒಂಬತ್ತರದ್ದು ಮಾತ್ರ ಹತ್ತೊಂಬತ್ತು ತಪ್ಪಾ ಅಂತ ಕೇಳಿದರು. ಅವರೂ ಕೇಳಿ ನೋಡಿದರಂತೆ, ಒಂದೂ ಸಿಗಲಿಲ್ಲವಂತೆ. ದನಿ ಮೆತ್ತಗಿತ್ತು, ಆದರೆ ಬುಡಕ್ಕೇ ಬಂದಿತ್ತು. ಇಪ್ಪತ್ತೆಂಟಕ್ಕೆ ಶೀಟು ಮುಚ್ಚುತ್ತಾರೆ. ಇನ್ನು ಉಳಿದದ್ದು ಮುಕ್ತಾಯದ ಸಾಲು ಒಂದೇ. 'ಓದಿದವರು ಇಂಥವರು, ಕೇಳಿ ತಿದ್ದಿದವರು ಇಂಥವರು' ಅಂತ ಓದುಗರೇ ಹೇಳಬೇಕು. ನಂಬರಾದರೂ ಸರಿ, ಇಷ್ಟವಿದ್ದರೆ ಹೆಸರೂ ಹೇಳಬಹುದು. ಅಲ್ಲಿಗೆ ಮುಗೀತು.

ಆರು ದಿನ. ಆಮೇಲೆ ಮತ್ತೆ ಹನ್ನೊಂದು ವರ್ಷವಾ? ಅವರಿಗೆ ಈಗ ಎಪ್ಪತ್ತಾರು.

ನೇರವಾಗಿ ಫೋನ್ ಮಾಡಬಹುದು. ನಂಬರ್ ಬದಲಾಗಿಲ್ಲ, ನನಗೆ ಬಾಯಿಪಾಠ. ಮಾಡಿ ಏನು ಹೇಳಲಿ? ಅವರು ಹಲೋ ಅಂದರೆ?

ಜೂನ್ 24

ಮುಕ್ತಾಯದ ಸಾಲು ಬಂತು.

"ಓದಿದವರು, ಓದುಗ ಇಪ್ಪತ್ತೆರಡು. ಕೇಳಿ ತಿದ್ದಿದವರು, ಕೇಳುಗ ಮೂರು."

ಅಷ್ಟೇ. ಒಂಬತ್ತು ಸೆಕೆಂಡ್.

ಗೊತ್ತಿಲ್ಲ ಅವರಿಗೆ. ಏನೂ ಗೊತ್ತಿಲ್ಲ. ಯಾರೋ ತಲೆಹರಟೆ ಕೇಳುಗ ಅಂದುಕೊಂಡು ಸಹಿಸಿಕೊಂಡಿದ್ದಾರೆ. ಯಾರೋ ಆದರೆ ಸಹಿಸಿಕೊಳ್ಳುತ್ತಾರೆ. ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಅಂತ ನೆನಪಿಲ್ಲ.

ಜೂನ್ 25, ಭಾನುವಾರ

ಬಟ್ಟೆ ಕೆಳಗಿಟ್ಟಿದ್ದ ಕಾಗದ ತೆಗೆದೆ.

ಅಮ್ಮ ಆಸ್ಪತ್ರೆಯಲ್ಲಿದ್ದದ್ದು ಒಂಬತ್ತು ದಿನ. ನಾನು ಬೇರೆ ಊರಲ್ಲಿ ಕೆಲಸ ಕಲೀತಿದ್ದೆ. ಟ್ರೈನಿಂಗ್ ಮುಗೀಲಿ ಅಂತ ಅಪ್ಪ ಹೇಳಲೇ ಇಲ್ಲ. ಎಲ್ಲಾ ಮುಗಿದ ಮೇಲೆ ಹೇಳಿದರು. ಆಗ ನಾನು ಅವರಿಗೆ ಬರೆದದ್ದು, ನಾಲ್ಕು ಪುಟ. ಯಾಕೆ ಕರೆಯಲಿಲ್ಲ ಅಂತ ಒಂದೇ ಪ್ರಶ್ನೆ. ಹತ್ತು ದಿನಕ್ಕೆ ಅದೇ ಕಾಗದ ಕವರಿನಲ್ಲಿ ವಾಪಸ್ ಬಂತು. ಕೆಂಪು ಇಂಕಿನಲ್ಲಿ ಹದಿನೇಳು ತಿದ್ದುಪಡಿ. ಉತ್ತರ ಇಲ್ಲ, ಒಂದು ಚೀಟಿ ಕೂಡ ಇಲ್ಲ. ಅವತ್ತಿನಿಂದ ಮಾತಿಲ್ಲ.

ಇವತ್ತು ಮತ್ತೆ ಎಣಿಸಿದೆ. ಮೊದಲ ಪುಟದಲ್ಲಿ ಎಂಟು. ಎರಡರಲ್ಲಿ ಆರು. ಮೂರರಲ್ಲಿ ಮೂರು. ನಾಲ್ಕನೇ ಪುಟದಲ್ಲಿ ಒಂದೂ ಇಲ್ಲ. ಅಮ್ಮನ ಬಗ್ಗೆ ಬರೆದದ್ದೆಲ್ಲಾ ಆ ಪುಟದಲ್ಲೇ. ಅಲ್ಲಿ ಸರಿಯಾಗಿ ಬರೆದಿದ್ದೆ ಅಂದುಕೊಂಡಿದ್ದೆ ಇಷ್ಟು ವರ್ಷ.

ಓದಿ ನೋಡಿದೆ. ಆರು ತಪ್ಪಿವೆ. ಆರು! ಕಣ್ಣಿಗೆ ಹೊಡೆಯೋ ಹಾಗೆ.

ಅವರ ಕಣ್ಣಿಂದ ತಪ್ಪು ತಪ್ಪಿಸಿಕೊಂಡದ್ದು ನಾನು ಕಂಡಿಲ್ಲ. ಹಾಗಾದರೆ ನಾಲ್ಕನೇ ಪುಟ ಓದಲೇ ಇಲ್ಲವಾ? ಓದಿಯೂ ಬಿಟ್ಟರಾ? ತಲೆ ಕೆಟ್ಟುಹೋಗಿದೆ. ಈ ಹಾಳೆಯನ್ನ ಹನ್ನೊಂದು ವರ್ಷ ಬೈಯಲಿಕ್ಕೆ ಇಟ್ಟುಕೊಂಡಿದ್ದೆ. ಒಂದು ಸಲವಾದರೂ ಕೊನೆಯವರೆಗೆ ನೋಡಿದ್ದೆನಾ?

ಜೂನ್ 26, ಬೆಳಿಗ್ಗೆ 6

ಶೀಟಿನಲ್ಲಿ ಕೊನೆಯದಾಗಿ ಒಂದು ಬರೆದೆ.

ಯಾವ ಸಾಲು: ಮುಕ್ತಾಯ. ಏನು ತಪ್ಪು: ಕೇಳಿ ತಿದ್ದಿದವರ ಹೆಸರು. ಹೇಗಿರಬೇಕು: ಖಾಲಿ ಬಿಟ್ಟೆ.

ಗೊತ್ತಿದ್ದರೆ ತುಂಬಲಿ. ಗೊತ್ತಿಲ್ಲದಿದ್ದರೆ ನನ್ನ ಹಣೆಬರಹ.

ಜೂನ್ 27

ಇಲ್ಲ. ಅಂಗಡಿಯಲ್ಲಿ ಫೋನ್ ಇಪ್ಪತ್ತು ಸಲ ನೋಡಿದೆ. ಒಬ್ಬ ಅಜ್ಜ ಕನ್ನಡಕ ಹಾಕಿಕೊಂಡು ಕನ್ನಡಿಯಲ್ಲಿ ನೋಡಿ, ನನಗೆ ಇಷ್ಟು ವಯಸ್ಸಾಗಿದೆಯಾ ಅಂತ ಕೇಳಿದರು. ಸುಮ್ಮನೆ ಅವರ ಕೈ ಹಿಡಿದುಕೊಂಡೆ. ಅವರಿಗೇ ಗಾಬರಿ ಆಯಿತು.

ಜೂನ್ 28, ಬೆಳಿಗ್ಗೆ 7.20

ಫೈಲ್ ಬಂದಿದೆ. ನಾಲ್ಕನೇ ಕಾಲಂನಲ್ಲಿ 'ತಿದ್ದಿದೆ'. ಒಂಬತ್ತು ಸೆಕೆಂಡ್ ಇರಬೇಕಾದದ್ದು ಮೂರು ನಿಮಿಷ ಇದೆ. ನಮ್ಮವರು ಶೂ ಹಾಕಿಕೊಳ್ಳುತ್ತಿದ್ದರು. ಹೋಗಬೇಡಿ, ಇಲ್ಲೇ ಇರಿ ಅಂದೆ.

7.45

"ಓದಿದವರು, ಓದುಗ ಇಪ್ಪತ್ತೆರಡು. ಕೇಳಿ ತಿದ್ದಿದವರು..."

ಉಸಿರು. ಲೋಟ.

"ಕೇಳಿ ತಿದ್ದಿದವರು, ಕಾಮಾ, ನನ್ನ ಮಗಳು."

ಅಲ್ಲಿಗೇ ನಿಲ್ಲಿಸಿಬಿಟ್ಟೆ. ನಮ್ಮವರೇ ಮತ್ತೆ ಪ್ಲೇ ಮಾಡಿದರು.

ಮುಂದಿನದನ್ನ ಪ್ರೂಫ್ ಓದೋ ದನಿಯಲ್ಲೇ ಓದುತ್ತಾರೆ. ಅರವತ್ನಾಲ್ಕನೇ ಸಾಲು ನಾನು ಮೊದಲು ಓದಿದ್ದೇ ಸರಿ ಇತ್ತು. ಎಪ್ಪತ್ತೊಂದೂ ಸರಿ. ಕಂದು ಕುದುರೆ ಮೂರು ಸಲವೂ ಸರಿ. ಹೀಗೆ ಹದಿನೆಂಟನ್ನೂ ಒಂದೊಂದಾಗಿ. ಬಿಡ್ತಾರಾ! ಕಾಮಾ ಓದಿದ್ದೊಂದು ಮಾತ್ರ ತಪ್ಪು, ಅದೂ ಬೇಕಂತಲೇ ಓದಿದ್ದು ಅಂದರು. ನಗಬೇಕೋ ಅಳಬೇಕೋ. ಎರಡೂ ಆಗುತ್ತಿತ್ತು, ನಮ್ಮವರು ನೀರು ತಂದರು.

ಆಮೇಲೆ ದನಿ ಬದಲಾಯಿತು. ಇಷ್ಟು ಹೊತ್ತು ಓದುತ್ತಿದ್ದವರು ಈಗ ಮಾತಾಡುತ್ತಿದ್ದಾರೆ ಅಂತ ತಿಳೀತು.

"ನಿನ್ನ ಕಾಗದ. ಮೂರು ಪುಟ ತಿದ್ದಿದೆ. ನನಗೆ ಬರೋದು ಅದೊಂದೇ ಅಲ್ವಾ. ನಾಲ್ಕನೇ ಪುಟ ಮಾತ್ರ, ಮಗಳೇ, ನಾನು..."

ಮತ್ತೆ ನಿಲ್ಲಿಸಿದೆ. ಇನ್ನೂ ಐವತ್ತೆರಡು ಸೆಕೆಂಡ್ ಇದೆ. ನಮ್ಮವರು ಪ್ಲೇ ಒತ್ತು ಅಂತಾರೆ. ಬೇಡ. ಐವತ್ತೆರಡು ಸೆಕೆಂಡನ್ನ ಫೈಲಿನಲ್ಲಿ ಕೇಳೋದಿಲ್ಲ. ಬಾಯಿಪಾಠ ಇರೋ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದ್ದೇನೆ, ಬರೀತಾ ಇದ್ದೇನೆ, ರಿಂಗ್ ಆಗ್ತಿದೆ, ನಾಲ್ಕು, ಐದು, ಎತ್ತಿ