ಚಿನ್ನಿಯ ಪಕ್ಕದ ಸಾಲು

ಫೆಬ್ರುವರಿ ೧೮

ಪ್ರೀತಿಯ ಅಪ್ಪನಿಗೆ,

ರೋಗದ ತಾಕಿನಲ್ಲಿ ನಮ್ಮ ಹೊಸ ಕಡಲೆ ಹಸಿರಾಗಿ ನಿಂತಿದೆ. ಹೋದ ವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದಾಗ ಹೊಲದ ಮೇಸ್ತ್ರಿ ಫೋನ್ ಮಾಡಿ ಹೇಳಿದರು: "ಮೇಡಂ, ಚಿನ್ನಿ ಸಾಲಲ್ಲಿ ಒಂದು ಗಿಡಾನೂ ಉಳಿದಿಲ್ಲ! ಪಕ್ಕದವಳು ಮಾತ್ರ ಮದುಮಗಳ ಥರ ನಿಂತಿದ್ದಾಳೆ. ಬೇಗ ಬನ್ನಿ!" ಒಂದೊಂದು ಕಾಲಿಗೆ ಒಂದೊಂದು ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಇಷ್ಟು ದೊಡ್ಡ ಸುದ್ದಿಯನ್ನು ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲಸ ಹೆಚ್ಚಿತ್ತು. ಅಣ್ಣನ ಮನೆಯಲ್ಲಿ ನೀವೂ ಅಮ್ಮನೂ ಹೇಗಿದ್ದೀರಿ? ಮೊಮ್ಮಗಳಿಗೆ ಹಲ್ಲು ಬಂತೇ?

ನೀವು ಈ ಸಂಶೋಧನಾ ಕೇಂದ್ರದಲ್ಲಿದ್ದಾಗಿನ ತಾಕೇ ಅದು. ಸೊರಗು ರೋಗವನ್ನು ಮಣ್ಣಿನಲ್ಲಿ ಬೇಕೆಂದೇ ಸಾಕಿಕೊಂಡು ಬಂದಿದ್ದೇವೆ. "ರೋಗ ಇಲ್ಲದ ಹೊಲದಲ್ಲಿ ಎಲ್ಲರೂ ಪೈಲ್ವಾನರೇ" ಅನ್ನುತ್ತಿದ್ದಿರಲ್ಲ! ಅದಕ್ಕೇ ಹೊಸ ಸಾಲಿನ ಪಕ್ಕ, ಈಗ ರೋಗಕ್ಕೆ ಬೇಗ ಬೀಳುವ ನಿಮ್ಮ ಹಳೆಯ ತಳಿ ಚಿನ್ನಿಯನ್ನು ಬಿತ್ತಿದ್ದೆವು. ಚಿನ್ನಿ ಒಣಗಿದರೆ ತಾನೇ ಹೊಸದು ನಿಜವಾಗಿ ಗೆದ್ದಂತೆ? ಹೋದ ವರ್ಷ ಹೊಸ ಸಹಾಯಕಿ ಚಿನ್ನಿಯ ಬುಡಕ್ಕೆ ಔಷಧಿ ಸುರಿದುಬಿಟ್ಟಿದ್ದಳು. ಎರಡೂ ಸಾಲು ಬದುಕಿ, ಹಂಗಾಮು ದಂಡವಾಯಿತು. ಕೇಳಿದರೆ, "ಸಾಯ್ತಿರೋದನ್ನ ನೋಡ್ತಾ ನಿಂತ್ಕೊಳ್ಳೋಕೆ ಆಗ್ಲಿಲ್ಲ ಮೇಡಂ" ಅಂದಳು.

ಈ ಸಲ ನಾವೆಲ್ಲ ಒಣಗಿದ ಸಾಲಿನ ಮುಂದೆ ನಿಂತು ಚಪ್ಪಾಳೆ ತಟ್ಟುವುದನ್ನು ಕಂಡು ಹೊಸ ನಿರ್ದೇಶಕರು ತಬ್ಬಿಬ್ಬಾದರು. "ಬಿತ್ತಿದ್ದು ಸತ್ತರೆ ಖುಷಿ ಪಡೋ ಜನಾನ ಇಲ್ಲೇ ನೋಡಿದ್ದು ನಾನು!"

"ನೀವು ಲೆಕ್ಕದ ವಿಭಾಗದಿಂದ ಬಂದೋರು ಸಾರ್," ಅಂದರು ಮೇಸ್ತ್ರಿ, "ನಿಧಾನಕ್ಕೆ ಅಭ್ಯಾಸ ಆಗತ್ತೆ."

ನಿಮ್ಮ ಕಾಲದಲ್ಲಿ ಯಾವ ಗಿಡ ಉಳಿಯುತ್ತದೆಂದು ಹಂಗಾಮಿಡೀ ಕಾಯಬೇಕಿತ್ತು. ಈಗ ಗೇಣುದ್ದದ ಸಸಿಯ ಎಲೆ ಚಿವುಟಿ ಪ್ರಯೋಗಾಲಯಕ್ಕೆ ಕೊಟ್ಟರೆ, ರೋಗ ತಡೆಯುವ ವಂಶವಾಹಿಯ ಗುರುತು ಅದರಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಕಾಡು ಕಡಲೆಯಿಂದ ಆ ಒಂದು ಗುಣವನ್ನು ತಂದು, ಗುರುತಿರುವ ಸಸಿಗಳನ್ನಷ್ಟೇ ಉಳಿಸಿಕೊಂಡು, ತಲೆಮಾರು ತಲೆಮಾರು ಚಿನ್ನಿಯೊಂದಿಗೇ ಮತ್ತೆ ಸಂಕರ ಮಾಡಿದೆವು. ಹಾಗಾಗಿ ಹಸಿರಾಗಿ ನಿಂತಿರುವುದೂ ಹೆಚ್ಚುಕಡಿಮೆ ಚಿನ್ನಿಯೇ. ಅದೇ ದುಂಡು ಕಾಳು, ಅದೇ ಬಣ್ಣ. ಮೇಸ್ತ್ರಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ದೊಡ್ಡ ಸಾಹೇಬರಿಗೆ ಹೇಳಿ, ಅವರ ಕಾಳು ಸೋತಿಲ್ಲ. ಕೊಡೆ ಹಿಡ್ಕೊಂಡು ಬಂದಿದೆ, ಅಷ್ಟೇ."

ಕೊಯ್ಲಾದ ಮೇಲೆ ಒಂದು ಹಿಡಿ ಕಾಳು ಕಳಿಸುತ್ತೇನೆ. ಹುರಿದು ತಿಂದುಬಿಡಬೇಡಿ! ಅಮ್ಮನಿಗೆ ನಮಸ್ಕಾರ, ಮಗುವಿಗೆ ಮುತ್ತು. ನಿಮ್ಮ ಆಶೀರ್ವಾದ ಈ ಸಾಲಿನ ಮೇಲೂ ಇರಲಿ.

ನಿಮ್ಮ
ಕಿರಿಮಗಳು

ಮರೆತಿದ್ದು: ಮರೆತಿದ್ದಲ್ಲ. ತಡವಾಗಿದ್ದು ಕೆಲಸದಿಂದಲ್ಲ ಅಪ್ಪ. ಅಕ್ಕ ತೀರಿಕೊಂಡ ವರ್ಷ ಬಿಡುಗಡೆಯಾದ ತಳಿಗೆ ನೀವು ಅವಳನ್ನು ಕರೆಯುತ್ತಿದ್ದ ಹೆಸರಿಟ್ಟಿರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಚಿನ್ನಿ ಉಳಿಯಲಿಲ್ಲವೆಂದು ನಿಮಗೆ ಎರಡನೇ ಸಲ ಹೇಗೆ ಹೇಳುವುದೆಂದು ಒಂದು ವಾರ ಕುಳಿತೆ. ಅದನ್ನು ಬಿತ್ತನೆ ಪಟ್ಟಿಯಿಂದ ತೆಗೆಯುತ್ತಾರೆ. ಹೊಸದಕ್ಕೂ ಅದೇ ಹೆಸರಿಡಬಹುದು. ನೀವು ಹೂಂ ಅಂದರೆ ಮಾತ್ರ. ಫೋನ್ ಮಾಡಿ. ತಳಿ ಸಮಿತಿಯ ಸಭೆ ಸೋಮವಾರ ಹನ್ನೊಂದು ಗಂಟೆಗೆ.