ಕೆಂಪಂಚಿನ ಚೀಲ

ಸೆ. 5, ಶುಕ್ರವಾರ

ರಾಗಿ ಬೀಸಲು ಕಳಿಸಿದೆ. ಹಿಟ್ಟು ತರಿತರಿ ಬಂತು, ವಾಪಸ್ ಕಳಿಸಿದೆ. ಮಧ್ಯಾಹ್ನ ತಂಗಿ ಮಂಗಳ ಚಿಕ್ಕರಸಿನಕೆರೆಯಿಂದ ಬಂದಿದ್ದಳು, ಹೇಳಿ ಹೋಗಲು. ನಾಳೆ ನೇಪಾಳ ಯಾತ್ರೆ, ಮದ್ದೂರಿನವರ ಗುಂಪು. ಕೈಯಲ್ಲಿ ನನ್ನ ಮೊಮ್ಮಗಳು ಅರ್ಪಿತಳ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ. ಹಸಿರು ಬಟ್ಟೆ, ಮೇಲೆ ‘ಅರ್ಪಿತ – ಯತೀಶ್’. ಹಿಡಿ ಕಿತ್ತುಹೋಗಿದ್ದಕ್ಕೆ ಹಳೆ ಸೀರೆಯ ಕೆಂಪಂಚು ಕತ್ತರಿಸಿ ಹೊಲಿದಿದ್ದಾಳೆ. ಪರದೇಶಕ್ಕೆ ಇದನ್ನು ಹಿಡಿದು ಹೋಗಿ ನಮ್ಮ ಮಾನ ಕಳೆಯಬೇಡ, ಒಳ್ಳೆ ಬ್ಯಾಗು ಕೊಡ್ತೀನಿ ಎಂದೆ.

“ಇದೇ ಇರ್ಲಿ ಬುಡಕ್ಕ. ಕಳ್ದೋದ್ರೂ ಎಸ್ರು ನೋಡಿ ನಿನ್ ಮನೆಗೇ ತಂದ್ಕೊಡ್ತಾರೆ.”

ನಕ್ಕಳು. ನಾನು ನಗಲಿಲ್ಲ.

ಸೆ. 9, ಮಂಗಳವಾರ, ಸಂಜೆ

ಕಠ್ಮಂಡುವಿನಲ್ಲಿ ಗಲಾಟೆ. ಹುಡುಗರು ಸರ್ಕಾರದ ಮೇಲೆ ಎದ್ದಿದ್ದಾರೆ. ವಿಮಾನ ಬಂದ್. ಮಂಗಳಳ ಫೋನು ಸ್ವಿಚ್ ಆಫ್. ಗುಂಪಿನ ಮುಖಂಡ ಮಹದೇವು — ಅವನದೂ.

ಮಗ ಶಿವರಾಜು ರಿಮೋಟು ಕೇಳಿದ. ಕೊಡಲಿಲ್ಲ. ಕನ್ನಡ ಚಾನೆಲ್ಲಿನಲ್ಲಿ ಒಂದೇ ಬೆಂಕಿಯನ್ನು ಹಿಂದೆ ಮುಂದೆ ತೋರಿಸುತ್ತಾರೆ, ಜೊತೆಗೆ ಮ್ಯೂಸಿಕ್ಕು. ಹಿಂದಿಯಲ್ಲಿ ನಾಲ್ಕು ಜನ ಕೂತು ಜಗಳ. ಹೊರದೇಶದ ಇಂಗ್ಲಿಷ್ ಚಾನೆಲ್ಲಿನವರು ಕಿರುಚುವುದಿಲ್ಲ. ಸುಮ್ಮನೆ ರಸ್ತೆ ತೋರಿಸುತ್ತಾರೆ. ಬಿಟ್ಟುಹೋದ ಚಪ್ಪಲಿ, ಕಲ್ಲು, ಹೊಗೆ. ನನ್ನ ಎಸ್ಸೆಲ್ಸಿ ಇಂಗ್ಲಿಷಿಗೆ ಅರ್ಧಂಬರ್ಧ ತಿಳಿಯುತ್ತದೆ, ಸಾಕು. ಅದನ್ನೇ ಇಟ್ಟೆ.

ಸೆ. 10, ಬುಧವಾರ

ಬೆಳಿಗ್ಗೆ ಕನ್ನಡ ಚಾನೆಲ್ಲು — ‘ಕನ್ನಡಿಗರೆಲ್ಲ ಸೇಫ್’. ಪಕ್ಕದ ಮನೆ ಪಟ್ಟಲಮ್ಮ ಕಲ್ಲುಸಕ್ಕರೆ ತಂದಳು. ಎಲ್ಲರೂ ಬಾಯಿಗೆ ಹಾಕಿಕೊಂಡರು, ನಾನೂ.

ಆಮೇಲೆ ಇಂಗ್ಲಿಷಿಗೆ ತಿರುಗಿಸಿದೆ. ಅದೇ ರಸ್ತೆ. ಚರಂಡಿ ಪಕ್ಕ ಹಸಿರು ಚೀಲ. ಕೆಂಪು ಹಿಡಿ.

ಕನ್ನಡಕ್ಕೆ ತಿರುಗಿಸಿದೆ. ಅಲ್ಲೂ ಅದೇ ಚಿತ್ರ, ಆದರೆ ಚೀಲ ಇಲ್ಲ. ಚೀಲ ಇರಬೇಕಾದ ಜಾಗದ ಮೇಲೆ ಕೆಂಪು ಪಟ್ಟಿ ಓಡುತ್ತಿದೆ — ಕನ್ನಡಿಗರೆಲ್ಲ ಸೇಫ್, ಕನ್ನಡಿಗರೆಲ್ಲ ಸೇಫ್…

ಶಿವರಾಜುಗೆ ಹೇಳಿದೆ.

“ಆ ಚೀಲ ಅರ್ಧ ತಾಲ್ಲೂಕಿನ ಮನೇಲದೆ ಕಣವ್ವ.”

“ಕೆಂಪಂಚಿನ ಹಿಡಿ ಯಾರ್ ಮನೇಲದೆ?”

ಕಲ್ಲುಸಕ್ಕರೆ ಬಾಯಲ್ಲಿ ಇನ್ನೂ ಇತ್ತು. ಹೋಗಿ ಉಗಿದು ಬಂದೆ.

ಸೆ. 12, ಶುಕ್ರವಾರ

ಮಹದೇವು ಫೋನು. ಗಲಾಟೆಯಲ್ಲಿ ಎಲ್ಲರೂ ಓಡಿದರಂತೆ. ಮಂಗಳಳಿಗೆ ಮಂಡಿನೋವು. ಬಿದ್ದಳು. ತಲೆಗೆ ಪೆಟ್ಟು. ಆಸ್ಪತ್ರೆಗೆ ಸೇರಿಸಿದ್ದರು, ನಮಗೆ ತಿಳಿಸಲು ಲೈನು ಸಿಗಲಿಲ್ಲ. ಇವತ್ತು ಬೆಳಿಗ್ಗೆ…

ಅವನು ಅಳುತ್ತಿದ್ದ. ಎಷ್ಟು ಹೊತ್ತಿಗೆ ತರ್ತೀರಿ ಎಂದಷ್ಟೇ ಕೇಳಿದೆ.

ಸೆ. 14, ಭಾನುವಾರ

ಚಿಕ್ಕರಸಿನಕೆರೆಯ ಅವರ ತೋಟದಲ್ಲಿ ಮಣ್ಣು ಮಾಡಿದೆವು. ಯಾರ ಮುಂದೆಯೂ ಅಳಲಿಲ್ಲ. ಕಲ್ಲೆದೆ ಎಂದು ಯಾರೋ ಅಂದದ್ದು ಕೇಳಿಸಿತು. ಅನ್ನಲಿ.

ಕನ್ನಡ ಚಾನೆಲ್ಲಿನಲ್ಲಿ ‘ಮಂಡ್ಯದ ವೃದ್ಧೆ ಬಲಿ’. ನನಗಿಂತ ಚಿಕ್ಕವಳು, ವೃದ್ಧೆಯಂತೆ. ಹೆಸರು ಹೇಳಲಿಲ್ಲ. ಹಿಂದಿಯಲ್ಲಿ ಸುದ್ದಿಯೇ ಇಲ್ಲ. ಇಂಗ್ಲಿಷಿನಲ್ಲಿ ಸತ್ತವರ ಸಂಖ್ಯೆ ಹೇಳಿದರು. ಅದರಲ್ಲಿ ಅವಳನ್ನು ಸೇರಿಸಿದರೋ ಇಲ್ಲವೋ.

ಪೆಟ್ಟಿಗೆ, ಬಟ್ಟೆ, ಫೋನು ಬಂದವು. ಚೀಲ ಬರಲಿಲ್ಲ. ಅಲ್ಲಿ ಕನ್ನಡ ಓದುವವರು ಯಾರು.

ಅ. 6, ಸೋಮವಾರ, ಬೆಳಿಗ್ಗೆ

ಬಹಳ ದಿನ ಬರೆಯಲಿಲ್ಲ. ಮಹಾಲಯ ಅಮಾವಾಸ್ಯೆ ಆಯ್ತು, ದಸರಾ ಆಯ್ತು. ಕನ್ನಡ ಚಾನೆಲ್ಲು ಆನೆ ತೋರಿಸಿ ಮುಗಿಸಿತು. ನೇಪಾಳ ಎಲ್ಲರಿಗೂ ಮರೆತಿದೆ.

ಇಂಗ್ಲಿಷಿನವರು ಮಾತ್ರ ನೇಪಾಳದ ಮಾತು ಬಂದಾಗಲೆಲ್ಲ ಆ ರಸ್ತೆ ಹಾಕುತ್ತಾರೆ. ಚೀಲ ಬಿದ್ದಿರುತ್ತದೆ, ಅವಳು ಬಿಟ್ಟ ಹಾಗೇ. ಕಣ್ಣು ಮಿಟುಕಿಸಿದರೆ ಹೋಯಿತು.

ಆ ಚಾನೆಲ್ಲು ತೆಗೆಸಿಬಿಡ್ತೀನಿ ಎಂದ ಶಿವರಾಜು. ರಿಮೋಟು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಏಳರ ಸುದ್ದಿಯಲ್ಲಿ ತೋರಿಸಲಿಲ್ಲ. ಎಂಟರದು ಈಗ ಶುರುವಾಯಿತು. ನೇಪಾಳದ ಮಾತೇ. ಕನ್ನಡಕ ಎಲ್ಲಿ—