ಹತ್ತನೇ ಸುತ್ತಿನವನು ಹನ್ನೊಂದನೇ ಸುತ್ತಿನವನಿಗೆ

ವೆಲ್ಟನ್, ಓಕ್ಲಹೋಮ
2 ಡಿಸೆಂಬರ್ 2019

ಪ್ರೀತಿಯ ಕೊರ್ಡೆಲ್,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಬೇಸರವಿಲ್ಲ. ಒಮ್ಮೆ ಫೋನಿನಲ್ಲಿ ನಿನಗೆ ಹೇಳಿದ ಮಾತಿನ ಬಗ್ಗೆಯೇ ಈ ಪತ್ರ. ಆದ್ದರಿಂದ ಈ ಸಲ ಬರೆದೇ ಹೇಳುವುದು ಸರಿ ಅನಿಸಿತು.

ಮೊದಲು ಕೆಲಸದ ವಿಷಯ, ಏಕೆಂದರೆ ಅದಕ್ಕೆ ಗಡುವಿದೆ. ನೀನು ಬೇಸ್‌ಬಾಲ್ ತಂಡಕ್ಕೆ ಸಹಿ ಹಾಕಿಕೊಟ್ಟ ಒಪ್ಪಂದದ ಕೊನೆಯಲ್ಲಿ ಒಂದು ಪುಟವಿದೆ. ಆಟ ಬಿಟ್ಟ ಎರಡು ವರ್ಷದೊಳಗೆ ಕಾಲೇಜು ಸೇರಿದರೆ ಎಂಟು ಸೆಮಿಸ್ಟರಿನ ಖರ್ಚು ತಂಡದ್ದು. ನಿನ್ನನ್ನು ಅವರು ಕೈಬಿಟ್ಟದ್ದು ಹೋದ ವರ್ಷದ ಮಾರ್ಚ್‌ನಲ್ಲಿ. ಈ ಜನವರಿಯಲ್ಲಿ ಶುರುವಾಗುವ ತರಗತಿಗಳೇ ನಿನಗೆ ಕೊನೆಯ ಅವಕಾಶ. ಅರ್ಜಿ ಇದೇ ಹದಿಮೂರರೊಳಗೆ ತಲುಪಬೇಕು. ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ.

ನೀನು ನಿಮ್ಮೂರಿನ ಸಾಮಿಲ್ಲಿಗೆ ಕೆಲಸಕ್ಕೆ ಸೇರಿದ್ದೀಯ ಎಂದು ನಮ್ಮ ಜೊತೆ ಆಡಿದವನೊಬ್ಬ ಹೇಳಿದ. ನಿನ್ನ ತಂದೆಯ ಬೆನ್ನು ಮುರಿದದ್ದು ಅಲ್ಲೇ ಅಲ್ಲವೇ? ಅದನ್ನು ಕೇಳಿದ ಮೇಲೆ ಒಂದು ವಾರ ಮನೆಯಲ್ಲಿ ಹೆಂಡತಿ ನೊರೀನ್ ಹತ್ತಿರವೂ ನಾನು ಸರಿಯಾಗಿ ಮಾತಾಡಲಿಲ್ಲ. ಅವಳು ಕೊನೆಗೆ, "ಏನಿದೆಯೋ ಅದನ್ನ ಅವನಿಗೇ ಹೇಳು. ನನ್ನ ಮೇಲೆ ಮುಖ ಊದಿಸ್ಕೊಂಡ್ರೆ ಏನು ಬಂತು?" ಅಂದಳು. ಹೇಳುತ್ತೇನೆ.

ನೀನು ಮೊದಲ ಸಲ ನಮ್ಮ ಕಾಲೇಜು ನೋಡಲು ಬಂದ ಫೆಬ್ರವರಿ ನೆನಪಿದೆಯೇ? ನಿನಗೆ ಹದಿನೇಳು. ನಾನು ಕೊನೆಯ ವರ್ಷದವನು, ತಂಡದಲ್ಲಿ ಪಿಚರ್ ಎಸೆದ ಚೆಂಡು ಹಿಡಿಯುವ ಕ್ಯಾಚರ್; ನಿನ್ನನ್ನು ಎರಡು ದಿನ ಸುತ್ತಾಡಿಸುವ ಕೆಲಸವನ್ನು ಕೋಚ್ ಹ್ಯಾನ್ಸ್‌ಫರ್ಡ್ ನನಗೆ ಕೊಟ್ಟಿದ್ದರು. ಮೈದಾನ ತೋರಿಸಿದರೆ ನೀನು ತಲೆಯಾಡಿಸಿದೆ. ಜೀವಶಾಸ್ತ್ರದ ಕಟ್ಟಡದಲ್ಲಿ ಮೀನಿನ ತೊಟ್ಟಿಗಳನ್ನು ಕಂಡದ್ದೇ ಅಲ್ಲಿಂದ ಕದಲಲಿಲ್ಲ. ಅಲ್ಲಿದ್ದ ವಿದ್ಯಾರ್ಥಿನಿಯನ್ನು, "ಬೇಸಿಗೇಲಿ ಕೊಳ ಬತ್ತಿದ್ರೆ ಇವು ಎಲ್ಲಿಗೆ ಹೋಗ್ತವೆ?" ಎಂದು ಕೇಳುತ್ತಾ ಊಟದ ಹೊತ್ತು ಮೀರಿಸಿದೆ. ಕೋಚ್ ಕಾದು ಕಾದು ಸಾಕಾಗಿ, "ಪಿಚರ್ ಬರ್ತಾನೆ ಅಂತ ಮಾಂಸ ಸುಡಿಸಿಟ್ರೆ, ಬಂದಿರೋನು ಬೆಸ್ತ ಕಣೋ," ಎಂದು ನಕ್ಕರು. ಮರುದಿನ ನೀನು ಎಸೆದ ಮೊದಲ ಹತ್ತು ಚೆಂಡು ಹಿಡಿದದ್ದಕ್ಕೆ ನನ್ನ ಎಡಗೈ ಸಂಜೆಯವರೆಗೂ ಜುಮುಗುಟ್ಟುತ್ತಿತ್ತು. ಆ ವಾರವೇ ನೀನು ನಮ್ಮ ಕಾಲೇಜಿಗೆ ಬರುವುದಾಗಿ ಮಾತು ಕೊಟ್ಟೆ.

ಜೂನ್‌ನಲ್ಲಿ ವೃತ್ತಿಪರ ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರ ಹೆಸರು ಹೇಳಿ ಆರಿಸಿಕೊಳ್ಳುವ ಆಯ್ಕೆ ನಡೆಯಿತು. ಎರಡನೇ ದಿನ ಮಧ್ಯಾಹ್ನ ಬ್ರಾಟನ್ ನನಗೆ ಫೋನ್ ಮಾಡಿದ. ನಿನಗೆ ಗೊತ್ತಲ್ಲ, ನಮ್ಮ ಭಾಗದಲ್ಲಿ ತಂಡದ ಪರವಾಗಿ ಆಟಗಾರರನ್ನು ಹುಡುಕುತ್ತಿದ್ದವನು. "ನೋಡಪ್ಪಾ ವೆಸ್, ಹತ್ತನೇ ಸುತ್ತಲ್ಲಿ ನಿನ್ ಹೆಸರು ಹೇಳ್ತೀವಿ. ಸಹಿ ಹಣ ಐದು ಸಾವಿರ ಡಾಲರ್. ಆಯ್ತಾ?" ಅಂದ. ಅದೇ ಸುತ್ತಿನಲ್ಲಿ ಬೇರೆಯವರಿಗೆ ಲಕ್ಷದ ಮೇಲೆ ಸಿಗುತ್ತಿತ್ತು. ಅಷ್ಟು ಕಡಿಮೆ ಯಾಕೆ ಎಂದು ಕೇಳಿದೆ. "ನಿನ್ ಕಾಲೇಜಿನ ನಾಲ್ಕು ವರ್ಷ ಮುಗೀತಲ್ಲ, ಬೇಡ ಅಂತ ಎಲ್ಲಿಗೆ ಹೋಗ್ತೀಯಾ? ಉಳಿದಿದ್ದು ಬೇರೆ ಹುಡುಗನೊಬ್ಬನಿಗೆ ಬೇಕು." ಅವನು ಹೇಳಿದ್ದು ನಿಜ, ನನಗೆ ಹೋಗಲು ಬೇರೆ ಜಾಗವಿರಲಿಲ್ಲ. ಒಪ್ಪಿಕೊಂಡೆ. ಅಡುಗೆಮನೆಯಲ್ಲಿ ನನ್ನಪ್ಪ ಬಿಯರ್ ಒಡೆದು ಅಕ್ಕಪಕ್ಕದವರನ್ನೆಲ್ಲ ಕರೆದರು. ಮೊತ್ತ ಎಷ್ಟೆಂದು ಅವರಿಗೆ ಈವರೆಗೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದನೇ ಸುತ್ತಿನಲ್ಲಿ ಅದೇ ತಂಡ ನಿನ್ನ ಹೆಸರು ಹೇಳಿತು. ಆ "ಬೇರೆ ಹುಡುಗ" ಯಾರೆಂದು ಆಗ ತಿಳಿಯಿತು. ಒಂದು ತಂಡ ಒಟ್ಟಾರೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿಯಿತ್ತಲ್ಲ, ನನ್ನಂಥ ನಾಲ್ವರ ಕೈಗೆ ಐದೈದು ಸಾವಿರ ಇಟ್ಟು ಉಳಿಸಿದ್ದನ್ನೆಲ್ಲ ಸೇರಿಸಿ ನಿನಗೆ ಏಳು ಲಕ್ಷ ಕೊಡುವುದು ಅವರ ಯೋಚನೆ. ನೀನು ಬೇಡ ಅಂದೆ. "ನಾನು ಕಾಲೇಜಿಗೇ ಹೋಗ್ತೀನಿ ವೆಸ್. ಮಾತು ಕೊಟ್ಟಿದೀನಿ," ಎಂದು ನನಗೆ ಸಂದೇಶ ಕಳಿಸಿದೆ. ನಾನು ಆಗಲೇ ಅರಿಜೋನಾದ ಬಿಸಿಲಿನಲ್ಲಿ ತಂಡದ ಹೊಸಬರ ಶಿಬಿರದಲ್ಲಿದ್ದೆ. ನಿನ್ನ ಬಗ್ಗೆ ಹೆಮ್ಮೆಯಾಯಿತು. ಆ ಹೆಮ್ಮೆ ಸುಳ್ಳಲ್ಲ, ನಂಬು.

ಸಹಿಗೆ ಕೊನೆಯ ದಿನ ಜುಲೈ ಎರಡನೇ ವಾರದ ಶುಕ್ರವಾರ. ಗಡುವಿಗೆ ಎರಡು ಗಂಟೆಯಿದ್ದಾಗ ನನ್ನನ್ನು ಮೈದಾನದಿಂದ ಕರೆಸಿದರು. ಕೋಣೆಯಲ್ಲಿ ಬ್ರಾಟನ್ ಒಬ್ಬನೇ ಇದ್ದ. "ನಿನ್ ಮೇಲೆ ಉಳಿಸಿದ್ದು ಅವನಿಗೋಸ್ಕರ. ಅವನೇ ಬರ್ಲಿಲ್ಲ ಅಂದ್ರೆ ಆ ದುಡ್ಡು ಯಾತಕ್ಕೂ ಬರಲ್ಲ. ಆಮೇಲೆ ಮೇಲಿನವರು ನನ್ನ ಕೇಳ್ತಾರೆ, ನಾಲ್ಕು ಕ್ಯಾಚರ್ ಯಾಕೆ ಸಾಕ್ತಾ ಇದೀವಿ ಅಂತ," ಅಂದ. "ಹೆದರಿಸ್ತಾ ಇದೀನಿ ಅನ್ಕೋಬೇಡ. ಅವನು ನಿನ್ ಮಾತು ಕೇಳ್ತಾನೆ, ಅಷ್ಟೇ." ತನ್ನ ಫೋನನ್ನೇ ನನ್ನ ಮುಂದೆ ತಳ್ಳಿದ.

ನಿಮ್ಮ ಮನೆಯ ಫೋನ್ ನೀನೇ ಎತ್ತಿದೆ. ಮುಂದಿನದು ನಿನಗೂ ಗೊತ್ತು. ಆದರೂ ನಾನು ಕೇಳಿಸಿಕೊಂಡದ್ದನ್ನು ಬರೆಯುತ್ತೇನೆ.

"ನಿಂಗೆ ಎಷ್ಟು ಕೊಟ್ರು ವೆಸ್?" ಎಂದು ಕೇಳಿದೆ. ಚೆನ್ನಾಗಿಯೇ ಕೊಟ್ಟರು ಅಂದೆ.

"ನನ್ ಜಾಗದಲ್ಲಿ ನೀನಿದ್ದಿದ್ರೆ?"

"ಸಹಿ ಹಾಕ್ತಿದ್ದೆ. ಕಾಲೇಜಲ್ಲಿ ಪುಗಸಟ್ಟೆ ಎಸೆದು ತೋಳು ಕೆಡಿಸ್ಕೊಂಡ್ರೆ ಯಾರು ಕೇಳ್ತಾರೆ? ಅಮ್ಮಂಗೆ ಒಂದು ಮನೆ ಆಗುತ್ತೆ, ಅಪ್ಪನ ಬೆನ್ನು ಸರಿಹೋಗುತ್ತೆ. ಓದು ಎಲ್ಲಿಗೂ ಓಡಿಹೋಗಲ್ಲ ಕಣೋ."

ಕೊನೆಗೆ ನೀನು, "ಕೋಚ್‌ಗೆ ನಾನೇ ಹೇಳ್ಬೇಕಾ?" ಅಂದೆ. ನಿನ್ನ ದನಿ ಚಿಕ್ಕ ಮಗುವಿನದಾಗಿತ್ತು.

ಆ ಸಲಹೆ ತಪ್ಪೇ ಎಂದು ಈ ಆರು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಬಾಡಿಗೆಯ ಟ್ರೈಲರಿನಲ್ಲಿದ್ದವರಿಗೆ ಏಳು ಲಕ್ಷ ಸಣ್ಣದಲ್ಲ. ನಿನ್ನ ತಂದೆ ಈಗ ಕೋಲಿಲ್ಲದೆ ನಡೆಯುತ್ತಾರೆ. ಕಾಲೇಜಿನಲ್ಲಿದ್ದಿದ್ದರೂ ನಿನ್ನ ಮೊಣಕೈಯ ಸ್ನಾಯುರಜ್ಜು ಹರಿದು ಆಟ ಹೀಗೇ ನಿಲ್ಲುತ್ತಿತ್ತೇನೋ. ಯೋಚಿಸಿ ಹೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆನೇನೋ. ಆದರೆ ನಾನು ಯೋಚಿಸಲಿಲ್ಲ, ಕೊರ್ಡೆಲ್. ನಾನು ನಿನ್ನ ತೋಳಿನ ಬಗ್ಗೆಯಾಗಲಿ ನಿನ್ನ ಅಮ್ಮನ ಬಗ್ಗೆಯಾಗಲಿ ಯೋಚಿಸುತ್ತಿರಲಿಲ್ಲ. ನನ್ನ ಕೆಲಸ ಉಳಿಯಬೇಕಿತ್ತು. ನೀನು ಅಣ್ಣನಂತೆ ನಂಬಿ ಕೇಳಿದೆ, ನಾನು ಬ್ರಾಟನ್ನನ ಬಾಯಾಗಿ ಉತ್ತರಿಸಿದೆ.

ಅದು ನನ್ನನ್ನು ಎರಡೇ ಬೇಸಿಗೆ ಉಳಿಸಿತು. ಆ ಎರಡು ಬೇಸಿಗೆ ನಿನ್ನ ಎಸೆತ ಹಿಡಿದದ್ದೇ ನಾನು ಬೇಸ್‌ಬಾಲಿನಲ್ಲಿ ಕಂಡ ದೊಡ್ಡ ಸುಖ. ಬಸ್ಸಿನಲ್ಲಿ ಕಡಲೆಕಾಯಿ ತಿಂದು ಸಿಪ್ಪೆಯನ್ನು ನನ್ನ ಶೂಗಳೊಳಗೆ ತುಂಬುತ್ತಿದ್ದೆಯಲ್ಲ, ಆಗೆಲ್ಲ ಹೇಳಿಬಿಡಬೇಕು ಅನಿಸುತ್ತಿತ್ತು. ಹೇಳಲಿಲ್ಲ. ನನ್ನನ್ನು ಕೈಬಿಟ್ಟಾಗ ನನ್ನ ಹತ್ತಿರ ಪದವಿಯಿತ್ತು, ಮೇಷ್ಟ್ರಾದೆ. ನಿನ್ನನ್ನು ಕೈಬಿಟ್ಟ ದಿನ ನೀನು ಬಸ್ ನಿಲ್ದಾಣದಿಂದ ಫೋನ್ ಮಾಡಿದೆ. ಕಾಲೇಜಿಗೆ ಹೋಗು ಎಂದು ನಾನು ಹೇಳಿದೆ. "ಇಪ್ಪತ್ಮೂರು ವರ್ಷದೋನು ಆ ಪುಟ್ಟ ಮಕ್ಕಳ ಪಕ್ಕ ಕೂತ್ಕೊಳ್ಳೋದಾ? ಸೋತು ಬಂದೋನು ಅಂತ ಹಣೆ ಮೇಲೆ ಬರ್ಕೊಂಡು?" ಎಂದು ನೀನು ನಕ್ಕೆ. ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಆಗಲೂ ನಾನು ಹವಾಮಾನ ಹೇಗಿದೆ ಎಂದು ಕೇಳಿದೆ.

ಅಕ್ಟೋಬರ್‌ನಲ್ಲಿ ಕೋಚ್ ಹ್ಯಾನ್ಸ್‌ಫರ್ಡ್ ತೀರಿಕೊಂಡರು. ಮಣ್ಣಿಗೆ ನಾನು ಹೋಗಿದ್ದೆ. ಚರ್ಚಿನ ಹಿಂದಿನ ಹಾಲ್‌ನಲ್ಲಿ ಊಟ ನಡೆಯುವಾಗ ಅವರ ಹೆಂಡತಿ ನನ್ನ ಪಕ್ಕ ಕೂತು, "ಆ ಶುಕ್ರವಾರ ಸಂಜೆ ನಮ್ಮೋರು ಮಾತೇ ಆಡಿರ್ಲಿಲ್ಲ. ಆ ಹುಡುಗ ಅತ್ತುಕೊಂಡು ಫೋನ್ ಮಾಡಿದ್ನಂತೆ. ಅವನಿಗೆ ಯಾರೋ ತಲೆ ತುಂಬಿದಾರೆ ಅಂತ ಕೊನೇವರೆಗೂ ಅಂತಿದ್ರು, ಯಾರು ಅಂತ ಗೊತ್ತಾಗ್ಲೇ ಇಲ್ಲ," ಅಂದರು. ತಟ್ಟೆಯಲ್ಲಿ ಹಂದಿಮಾಂಸವೂ ಆಲೂಗಡ್ಡೆಯೂ ಹಾಗೇ ಇದ್ದವು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದುಹೋದೆ. ಆಕೆಗೂ ನಾನು ಹೇಳಲಿಲ್ಲ. ಮೊದಲು ಕೇಳಬೇಕಾದವನು ನೀನು.

ಕ್ಷಮಿಸು ಎಂದು ಬರೆಯಲು ಕೂತು ಎರಡು ಸಲ ಹೊಡೆದುಹಾಕಿದೆ. ಅದು ನೀನು ಕೊಡಬೇಕಾದದ್ದು, ನಾನು ಕೇಳಿ ಪಡೆಯುವಂಥದ್ದಲ್ಲ. ಆದರೆ ಒಂದು ಮಾತು ಕೇಳು. ನನ್ನ ಮೇಲಿನ ಸಿಟ್ಟಿಗೆ ಈ ಕಾಗದಗಳನ್ನು ಹರಿಯಬೇಡ. ನನ್ನ ಮುಖ ನೋಡದೆ ಇರು, ಆದರೆ ಜನವರಿಯಲ್ಲಿ ತರಗತಿಯಲ್ಲಿ ಕೂತಿರು. ನೀನು ಯಾರಿಗೂ ಸೋತು ಬಂದವನಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಒಂದು ಇಡೀ ಮನೆಯನ್ನು ಎತ್ತಿ ನಿಲ್ಲಿಸಿದವನು.

ನಿನ್ನ ಎಸೆತಗಳನ್ನು ಹಿಡಿಯುತ್ತಿದ್ದ,
ವೆಸ್ ಟ್ಯಾಕೆಟ್

ಮತ್ತೆ: ನಿನ್ನ ವಿಳಾಸ ಬೇಕಾಗಿತ್ತು, ನಿನ್ನ ತಾಯಿಗೆ ಬರೆದೆ. ಅವರ ಮಗನಿಗೆ ಮಾಡಿದ್ದನ್ನು ಅವರಿಂದ ಮುಚ್ಚಿಟ್ಟು ವಿಳಾಸ ಮಾತ್ರ ಕೇಳುವುದು ಸರಿಯಲ್ಲವೆಂದು ಎಲ್ಲವನ್ನೂ ಬರೆದಿದ್ದೆ. ಮೊನ್ನೆ ಉತ್ತರ ಬಂತು. ನಿನಗೆ ಕಳಿಸು ಎಂದು ಅವರೇ ಹೇಳಿದ್ದರಿಂದ ಹಾಗೆಯೇ ಇಳಿಸುತ್ತಿದ್ದೇನೆ: "ವೆಸ್, ಅವತ್ತು ನಾನು ಒಳಗಿನ ಕೋಣೇಲಿ ಇನ್ನೊಂದು ಫೋನ್ ಹಿಡ್ಕೊಂಡಿದ್ದೆ. ನಿನ್ ಪಕ್ಕದಲ್ಲಿ ಒಬ್ಬ, ಅವರಮ್ಮನ ಮನೆ ವಿಷ್ಯ ಹೇಳು, ಅಂತ ಪಿಸುಗುಟ್ಟಿದ್ದು ನಂಗೆ ಕೇಳಿಸ್ತು. ಮರುಕ್ಷಣ ನೀನು ಅದನ್ನೇ ಹೇಳ್ದೆ. ನಾನು ಸದ್ದಾಗದ ಹಾಗೆ ಫೋನ್ ಇಟ್ಟೆ. ಹೊರಗೆ ಬಂದು, ವೆಸ್ ಒಳ್ಳೇ ಹುಡುಗ, ಅವನು ಹೇಳಿದ ಹಾಗೆ ಮಾಡು, ಅಂದೆ. ಅವನ ಅಪ್ಪ ನೋವಿಗೆ ಹಲ್ಲು ಕಚ್ಕೊಂಡು ಮಲಗಿದ್ರು. ಆ ದುಡ್ಡಲ್ಲಿ ಕಟ್ಟಿದ ಮನೇಲಿ ಕೂತು ಅವನಿಗೆ ಇದನ್ನ ಹೇಳೋ ಧೈರ್ಯ ನಂಗಿಲ್ಲ, ನೀನೇ ಬರಿ. ಬರೆದ ಮೇಲೆ ಭಾನುವಾರ ಊಟಕ್ಕೆ ಬಾ ಅನ್ನು. ಬರದಿದ್ರೂ ಅವನ ತಟ್ಟೆ ಹಾಕಿರ್ತೀನಿ."